ಎಲ್ಲಿಯ ಸೊಂಟ, ಎಲ್ಲಿಯ ಹೃದಯ?

ಬಚ್ಚಲುಮನೆಯಲ್ಲಿ ಕಾಲು ಜಾರಿ ಬಿದ್ದ ಅಜ್ಜಿಗೆ ಸೊಂಟದ ಮೂಳೆ ಮುರಿಯುತ್ತದೆ. ಆಪರೇಷನ್ ಆಗುತ್ತದೆ. ಥಿಯೇಟರಿನಿಂದ ಹೊರಬಂದ ಡಾಕ್ಟರು "ಎಲ್ಲ ಚೆನ್ನಾಗಿ ಆಯಿತು" ಎನ್ನುತ್ತಾರೆ. ಬೆಳಗಿನಿಂದ ಬೆಂಚಿನ ಮೇಲೆ ಕುಳಿತಿದ್ದ ಮನೆಯವರು ನಿಟ್ಟುಸಿರು ಬಿಟ್ಟು, ತಾಯಿ ಚಾಮುಂಡಿಗೆ ಕೈಮುಗಿದು ಕಾಫಿ ಕುಡಿಯಲು ಹೋಗುತ್ತಾರೆ. ಮೂರನೆಯ ದಿನ ಅಜ್ಜಿಗೆ ಹೃದಯಾಘಾತವಾಗುತ್ತದೆ.

ಇಂಥ ಸುದ್ದಿ ನಮ್ಮ ಮೈಸೂರಿನ ಯಾವ ಬಡಾವಣೆಗೂ ಹೊಸದಲ್ಲ. ರಕ್ತಪರಿಚಲನೆಯ ಪಾಠ ಮುಗಿದ ಮೇಲೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಯೂ ಇದೇ: "ಕತ್ತರಿ ಹಾಕಿದ್ದು ಸೊಂಟಕ್ಕೆ, ಕೆಟ್ಟಿದ್ದು ಹೃದಯ. ಅದು ಹೇಗೆ ಸಾರ್?"

ದೊಡ್ಡವರ ಬಳಿ ಇದಕ್ಕೆ ಮೂರು ಸಿದ್ಧ ಉತ್ತರಗಳಿವೆ. ಒಂದು, "ಮತ್ತು ಹೆಚ್ಚಾಯಿತು." ಎರಡು, "ಡಾಕ್ಟರು ಏನೋ ಎಡವಟ್ಟು ಮಾಡಿದರು." ಮೂರನೆಯದು, "ಹಣೆಬರಹ." ಮೂರೂ ಸಮಾಧಾನದ ಮಾತುಗಳೇ ಹೊರತು ವಿವರಣೆಗಳಲ್ಲ. ನಿಜವಾದ ಉತ್ತರ ಆ ಹುಡುಗಿ ಓದುತ್ತಿದ್ದ ಪಾಠದಲ್ಲೇ ಇದೆ. ಅದನ್ನು ತಿಳಿದುಕೊಂಡರೆ ಪರೀಕ್ಷೆಯಲ್ಲಿ ನಾಲ್ಕು ಅಂಕ ಬರಬಹುದು. ಅದಕ್ಕಿಂತ ಮುಖ್ಯವಾಗಿ, ಮನೆಯ ಹಿರಿಯರೊಬ್ಬರ ಜೀವ ಉಳಿಯಬಹುದು.

ಥಿಯೇಟರಿನ ಬಾಗಿಲು ದಾಟಿದ ಮೇಲೆ

ಆಪರೇಷನ್ ಎಂದರೆ ನಮ್ಮ ಭಯವೆಲ್ಲ ಆ ಎರಡು ಬಾಗಿಲುಗಳ ಹಿಂದೆ ಇರುತ್ತದೆ. ಕೆಂಪು ದೀಪ ಆರಿತೆಂದರೆ ಗಂಡಾಂತರ ಕಳೆಯಿತು ಎಂದುಕೊಳ್ಳುತ್ತೇವೆ. ಆದರೆ ಲೆಕ್ಕ ಬೇರೆಯದನ್ನೇ ಹೇಳುತ್ತದೆ.

2007ರಿಂದ 2013ರವರೆಗೆ 'ವಿಷನ್' ಎಂಬ ಹೆಸರಿನ ದೊಡ್ಡದೊಂದು ಅಧ್ಯಯನ ನಡೆಯಿತು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಡಾ. ಪಿ. ಜೆ. ಡೆವರೊ ಅದರ ಮುಂದಾಳು. 14 ದೇಶಗಳ 28 ಆಸ್ಪತ್ರೆಗಳಲ್ಲಿ, ಹೃದಯದ್ದಲ್ಲದ ಬೇರೆ ಬೇರೆ ಶಸ್ತ್ರಚಿಕಿತ್ಸೆಗೆ ಒಳಗಾದ, 45 ವರ್ಷ ದಾಟಿದ 40,004 ಜನರನ್ನು ಒಂದು ತಿಂಗಳ ಕಾಲ ಗಮನಿಸಲಾಯಿತು. ಪರದೇಶದ ಲೆಕ್ಕ ನಮಗೇಕೆ ಎನ್ನಬೇಡಿ. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಕೂಡ ಈ ಅಧ್ಯಯನದಲ್ಲಿ ಪಾಲ್ಗೊಂಡಿತ್ತು.

2019ರಲ್ಲಿ ಫಲಿತಾಂಶ ಪ್ರಕಟವಾಯಿತು. 40,004 ಜನರಲ್ಲಿ 30 ದಿನಗಳೊಳಗೆ ತೀರಿಕೊಂಡವರು 715 ಮಂದಿ, ಎಂದರೆ ಶೇಕಡಾ 1.8. ಇವರಲ್ಲಿ ಆಪರೇಷನ್ ಥಿಯೇಟರಿನ ಒಳಗೇ ಸತ್ತವರು ಎಷ್ಟು ಮಂದಿ ಎಂದು ಊಹಿಸಿ. ನೂರು? ಇನ್ನೂರು? ಕೇವಲ 5! ಆಪರೇಷನ್ ಮುಗಿದ ಮೇಲೆ ಅದೇ ಆಸ್ಪತ್ರೆಯ ವಾರ್ಡಿನಲ್ಲಿ, ತುರ್ತು ಘಟಕದಲ್ಲಿ ತೀರಿಕೊಂಡವರು 500 ಮಂದಿ. ಡಿಸ್ಚಾರ್ಜ್ ಆಗಿ ಹೋದ ಮೇಲೆ ತೀರಿಕೊಂಡವರು 210 ಮಂದಿ.

ಈ ಮೂರು ಸಂಖ್ಯೆಗಳನ್ನು ಇನ್ನೊಮ್ಮೆ ಓದಿ: 5, 500, 210. ಅರಿವಳಿಕೆ ವಿಜ್ಞಾನ ಇಂದು ಎಷ್ಟು ಮುಂದುವರಿದಿದೆ ಎನ್ನುವುದಕ್ಕೆ ಮೊದಲನೆಯದೇ ಸಾಕ್ಷಿ. "ಮತ್ತು ಹೆಚ್ಚಾಯಿತು" ಎಂಬ ಮಾತು ಬಹುಪಾಲು ಸುಳ್ಳು. ಗಂಡಾಂತರ ಇರುವುದು ಆಮೇಲೆ, ನಾವು ನಿರಾಳವಾದ ಮೇಲೆ. ಆ ಸಾವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಮೂರು ತೊಡಕುಗಳ ನಂಟಿತ್ತು. ಅವು ಅತಿಯಾದ ರಕ್ತಸ್ರಾವ, ಹೃದಯದ ಸ್ನಾಯುವಿಗೆ ಆದ ಪೆಟ್ಟು ಮತ್ತು ರಕ್ತಕ್ಕೆ ಹಬ್ಬಿದ ಸೋಂಕು. ನಮ್ಮ ಇಂದಿನ ವಿಷಯ ನಡುವಿನದು.

ಪಂಕ್ತಿಗಳ ನಡುವೆ ಉಣ್ಣುವ ಅಡುಗೆ ಭಟ್ಟರು

ಮದುವೆಮನೆಯ ಅಡುಗೆ ಭಟ್ಟರನ್ನು ನೆನೆಸಿಕೊಳ್ಳಿ. ಸಾವಿರ ಜನಕ್ಕೆ ಊಟ ಹಾಕುವ ಅವರು ತಾವು ಉಣ್ಣುವುದು ಯಾವಾಗ? ಒಂದು ಪಂಕ್ತಿ ಎದ್ದು ಇನ್ನೊಂದು ಕೂರುವ ನಡುವಿನ ಬಿಡುವಿನಲ್ಲಿ. ಹೃದಯದ ಕಥೆಯೂ ಅದೇ. ಇಡೀ ದೇಹಕ್ಕೆ ರಕ್ತ ಬಡಿಸುವ ಹೃದಯದ ಸ್ನಾಯುವಿಗೂ ರಕ್ತ ಬೇಕು. ಅದನ್ನು ತರುವುದು ಹೃದಯದ ಮೇಲ್ಮೈಯಲ್ಲಿ ಹಬ್ಬಿರುವ ಕರೋನರಿ ಧಮನಿಗಳು. ಆದರೆ ಹೃದಯ ಹಿಂಡಿಕೊಂಡಾಗ ಸ್ನಾಯುವಿನೊಳಗಿನ ಈ ನಾಳಗಳೂ ಅಮುಕಿಕೊಳ್ಳುತ್ತವೆ. ಆದ್ದರಿಂದ ಹೆಚ್ಚು ಕೆಲಸ ಮಾಡುವ ಎಡ ಹೃತ್ಕುಕ್ಷಿಗೆ ರಕ್ತ ಹರಿಯುವುದು ಬಹುಮಟ್ಟಿಗೆ ಅದು ಸಡಿಲಗೊಂಡಾಗ ಮಾತ್ರ, ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ.

ಈಗ ಒಂದು ಸಣ್ಣ ಲೆಕ್ಕ. ನಿಮಿಷಕ್ಕೆ 75 ಬಾರಿ ಬಡಿಯುವ ಹೃದಯಕ್ಕೆ ಒಂದು ಬಡಿತದ ಅವಧಿ 0.8 ಸೆಕೆಂಡು. ಅದರಲ್ಲಿ ಹಿಂಡುವುದು ಸುಮಾರು 0.3 ಸೆಕೆಂಡು, ಬಿಡುವು 0.5 ಸೆಕೆಂಡು. ನಿಮಿಷಕ್ಕೆ ಒಟ್ಟು ಬಿಡುವು 37 ಸೆಕೆಂಡುಗಳಷ್ಟು. ಬಡಿತ 120ಕ್ಕೆ ಏರಿದರೆ? ಒಂದು ಬಡಿತಕ್ಕೆ ಸಿಗುವುದು ಅರ್ಧ ಸೆಕೆಂಡು. ಹಿಂಡುವ ಕಾಲ ಹೆಚ್ಚು ಕಡಿಮೆಯಾಗುವುದಿಲ್ಲ, ಸುಮಾರು 0.25 ಸೆಕೆಂಡು ಬೇಕೇ ಬೇಕು. ಉಳಿಯುವ ಬಿಡುವು 0.25 ಸೆಕೆಂಡು, ನಿಮಿಷಕ್ಕೆ 30 ಸೆಕೆಂಡು. ಕೆಲಸ ಒಂದೂವರೆ ಪಟ್ಟು ಹೆಚ್ಚಿತು, ಊಟದ ಹೊತ್ತು ಕಡಿಮೆಯಾಯಿತು!

ಇನ್ನೂ ಒಂದು ತೊಂದರೆ ಇದೆ. ದೇಹದ ಉಳಿದ ಭಾಗಗಳು ವಿಶ್ರಾಂತಿಯಲ್ಲಿದ್ದಾಗ ರಕ್ತ ತಂದ ಆಮ್ಲಜನಕದಲ್ಲಿ ಸರಾಸರಿ ಕಾಲು ಭಾಗ ಮಾತ್ರ ತೆಗೆದುಕೊಳ್ಳುತ್ತವೆ. ಕಷ್ಟ ಬಂದಾಗ ಇನ್ನಷ್ಟು ಹೀರಿಕೊಳ್ಳಲು ಅವಕಾಶವಿರುತ್ತದೆ. ಹೃದಯದ ಸ್ನಾಯು ಸುಮ್ಮನಿರುವಾಗಲೇ ಸುಮಾರು ಶೇಕಡಾ 70ರಷ್ಟು ಹೀರಿಬಿಟ್ಟಿರುತ್ತದೆ. ತಟ್ಟೆಯಲ್ಲಿ ಮಿಕ್ಕಿರುವುದು ಕಡಿಮೆ. ಹೆಚ್ಚು ಬೇಕೆಂದರೆ ಹೆಚ್ಚು ರಕ್ತವೇ ಹರಿದುಬರಬೇಕು. ಆರೋಗ್ಯವಂತ ಧಮನಿಗಳು ಅಗಲವಾಗಿ ಅದಕ್ಕೆ ದಾರಿ ಮಾಡಿಕೊಡುತ್ತವೆ. ಆದರೆ ವರ್ಷಗಟ್ಟಲೆ ಕೊಬ್ಬು ಕಟ್ಟಿ ಕಿರಿದಾದ ಧಮನಿಗಳು? ಅವು ಸಯ್ಯಾಜಿರಾವ್ ರಸ್ತೆಯಲ್ಲಿ ದಸರಾ ದಿನದ ವಾಹನ ಸಂಚಾರದಂತೆ. ಅಗಲವಾಗಲು ಜಾಗವೇ ಇಲ್ಲ.

ಕತ್ತರಿಗೆ ದೇಹದ ಉತ್ತರ

ಶಸ್ತ್ರಚಿಕಿತ್ಸೆ ಒಳ್ಳೆಯ ಉದ್ದೇಶದ ಗಾಯ. ಉದ್ದೇಶ ದೇಹಕ್ಕೆ ಗೊತ್ತಾಗುವುದಿಲ್ಲ, ಗಾಯ ಮಾತ್ರ ಗೊತ್ತಾಗುತ್ತದೆ. ಹುಲಿ ಪರಚಿದರೂ ಸರ್ಜನ್ ಕೊಯ್ದರೂ ಅದು ಕೊಡುವ ಉತ್ತರ ಒಂದೇ ಬಗೆಯದು. ಅಡ್ರಿನಲಿನ್, ಕಾರ್ಟಿಸಾಲ್ ಮೊದಲಾದ ಹಾರ್ಮೋನುಗಳು ರಕ್ತಕ್ಕೆ ಸುರಿಯುತ್ತವೆ. ಹೃದಯದ ಬಡಿತ ಏರುತ್ತದೆ. ರಕ್ತ ಸೋರಿಹೋಗದಿರಲೆಂದು ಅದರ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ಗಾಯ ಮಾಗಿಸುವ ಉರಿಯೂತ ಮೈಯೆಲ್ಲ ಎಚ್ಚರಗೊಳ್ಳುತ್ತದೆ. ಕಾಡಿನಲ್ಲಿ ಬದುಕಿದ ನಮ್ಮ ಪೂರ್ವಿಕರನ್ನು ಉಳಿಸಿದ್ದು ಇದೇ ವ್ಯವಸ್ಥೆ. 70 ವರ್ಷದ, ಸಕ್ಕರೆ ಕಾಯಿಲೆ ಇರುವ, ಧಮನಿಗಳು ಕಿರಿದಾದ ತಾತನಿಗೆ ಇದೇ ಮುಳುವಾಗಬಹುದು.

ಹೇಗೆ? ಎರಡು ದಾರಿಗಳಿವೆ. ಮೊದಲನೆಯದು, ಧಮನಿಯ ಗೋಡೆಯಲ್ಲಿದ್ದ ಕೊಬ್ಬಿನ ಗಡ್ಡೆ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುವುದು. ಸಾಮಾನ್ಯವಾಗಿ ನಾವು ಹೃದಯಾಘಾತ ಎಂದು ಕೇಳಿರುವುದು ಇದನ್ನೇ. ಎರಡನೆಯದು, ದಾರಿ ಪೂರ್ತಿ ಮುಚ್ಚದಿದ್ದರೂ ಬೇಡಿಕೆಗೆ ತಕ್ಕ ಪೂರೈಕೆ ಇಲ್ಲದಿರುವುದು. ನೋವಿನಿಂದ, ಜ್ವರದಿಂದ ಬಡಿತ ಏರಿದೆ. ರಕ್ತ ಹೋಗಿ ಹಿಮೋಗ್ಲೋಬಿನ್ ಇಳಿದಿದೆ. ರಕ್ತದೊತ್ತಡ ಕುಸಿದಿದೆ. ನೋವಿನ ಮದ್ದಿನ ಮಂಪರಿನಲ್ಲಿ ಉಸಿರಾಟ ನಿಧಾನವಾಗಿ ಆಮ್ಲಜನಕ ತಗ್ಗಿದೆ. ಇವೆಲ್ಲ ಒಟ್ಟಿಗೆ ಸೇರಿದರೆ ಅಡುಗೆ ಭಟ್ಟರು ಹಸಿವಿನಿಂದ ಕುಸಿಯುತ್ತಾರೆ.

ಆಪರೇಷನ್ ಸೊಂಟದ್ದೋ, ಹೊಟ್ಟೆಯದೋ, ಮೊಣಕಾಲಿನದೋ ಎನ್ನುವುದಕ್ಕಿಂತ ಅದು ದೇಹವನ್ನು ಎಷ್ಟು ಅಲುಗಿಸಿತು ಎನ್ನುವುದು ಇಲ್ಲಿ ಮುಖ್ಯ. ಆದ್ದರಿಂದಲೇ ಕಣ್ಣಿನ ಪೊರೆಯ ಆಪರೇಷನ್ನಿಗೆ ಈ ಭಯ ತೀರಾ ಕಡಿಮೆ. ಹೊಟ್ಟೆಯೊಳಗಿನ ದೊಡ್ಡ ಆಪರೇಷನ್, ದೊಡ್ಡ ರಕ್ತನಾಳಗಳ ಆಪರೇಷನ್, ಮುರಿದ ಸೊಂಟದ ಆಪರೇಷನ್ನಿಗೆ ಹೆಚ್ಚು.

ಸದ್ದಿಲ್ಲದ ಆಘಾತ

ಹೃದಯಾಘಾತ ಎಂದರೆ ಎದೆ ಹಿಡಿದುಕೊಂಡು ಕುಸಿಯುವ ಸಿನಿಮಾ ದೃಶ್ಯ ನಮ್ಮ ಕಣ್ಣಮುಂದೆ ಬರುತ್ತದೆ. ಆಪರೇಷನ್ ನಂತರದ ಹೃದಯಾಘಾತ ಹಾಗಿರುವುದಿಲ್ಲ. ವೈದ್ಯರು ಲೆಕ್ಕ ಹಾಕಿ ನೋಡಿದಾಗ ಇಂಥ ರೋಗಿಗಳಲ್ಲಿ ಶೇಕಡಾ 65 ಮಂದಿಗೆ ಎದೆನೋವಾಗಲಿ ಅದಕ್ಕೆ ಸಮನಾದ ಬೇರೆ ಲಕ್ಷಣವಾಗಲಿ ಕಾಣಿಸಿಕೊಂಡಿರಲಿಲ್ಲ. ಅವುಗಳಲ್ಲಿ ನಾಲ್ಕರಲ್ಲಿ ಮೂರು ಆಘಾತಗಳು ಆಗಿದ್ದು ಮೊದಲ 48 ಗಂಟೆಗಳಲ್ಲಿ. ಕಾರಣ ಸರಳ. ಆಗ ರೋಗಿ ನೋವು ನಿವಾರಕದ ಪ್ರಭಾವದಲ್ಲಿರುತ್ತಾರೆ. ಮಂಪರು ಇರುತ್ತದೆ. ಸ್ವಲ್ಪ ನೋವಾದರೂ ಗಾಯದ್ದೇ ಇರಬೇಕು ಎಂದುಕೊಳ್ಳುತ್ತೇವೆ. ಸಕ್ಕರೆ ಕಾಯಿಲೆ ಹಳೆಯದಾಗಿದ್ದರಂತೂ ನೋವಿನ ಸುದ್ದಿ ಒಯ್ಯುವ ನರಗಳೇ ಮಂಕಾಗಿರುತ್ತವೆ.

ಹಾಗಾದರೆ ಪತ್ತೆ ಹೇಗೆ? ಹೃದಯದ ಸ್ನಾಯುವಿನೊಳಗೆ ಟ್ರೊಪೊನಿನ್ ಎಂಬ ಪ್ರೋಟೀನು ಇದೆ. ಸ್ನಾಯು ಹಿಂಡಿಕೊಳ್ಳಲು ನೆರವಾಗುವುದು ಅದರ ಕೆಲಸ. ಜೀವಕೋಶಕ್ಕೆ ಪೆಟ್ಟಾದರೆ ಅದು ರಕ್ತಕ್ಕೆ ಸೋರುತ್ತದೆ. ಒಡೆದ ಮಡಕೆ ಒಳಗಿದ್ದರೂ ಹೊಸ್ತಿಲಿಗೆ ಹರಿದು ಬಂದ ನೀರು ಸುದ್ದಿ ಹೇಳುವಂತೆ, ರಕ್ತದ ಟ್ರೊಪೊನಿನ್ ಹೃದಯದ ಸುದ್ದಿ ಹೇಳುತ್ತದೆ. ವಿಷನ್ ಅಧ್ಯಯನದ 15,000ಕ್ಕೂ ಹೆಚ್ಚು ಜನರ ಮೊದಲ ತಂಡದಲ್ಲಿ ಸುಮಾರು ಶೇಕಡಾ 8 ಮಂದಿಗೆ ಹೀಗೆ ಹೃದಯಕ್ಕೆ ಪೆಟ್ಟಾಗಿತ್ತು. ರಕ್ತ ಪರೀಕ್ಷೆ ಮಾಡದೆ ಲಕ್ಷಣಗಳನ್ನಷ್ಟೇ ಕಾಯುತ್ತಾ ಕುಳಿತಿದ್ದರೆ ಅವರಲ್ಲಿ ನೂರಕ್ಕೆ 84 ಮಂದಿಯ ವಿಷಯ ಗೊತ್ತೇ ಆಗುತ್ತಿರಲಿಲ್ಲ. ಈ ಕಾರಣಕ್ಕಾಗಿಯೇ ಕೆನಡಾದ ಹೃದ್ರೋಗ ತಜ್ಞರ ಸಂಘ 2017ರಲ್ಲಿ, ಯೂರೋಪಿನ ಸಂಘ 2022ರಲ್ಲಿ, ಅಪಾಯ ಹೆಚ್ಚಿರುವ ರೋಗಿಗಳಿಗೆ ದೊಡ್ಡ ಆಪರೇಷನ್ ಆದ ಮೇಲೆ ಮೊದಲ ಎರಡು ಮೂರು ದಿನ ಟ್ರೊಪೊನಿನ್ ಪರೀಕ್ಷೆ ಮಾಡುವುದು ಒಳ್ಳೆಯದೆಂದು ಸಲಹೆ ಕೊಟ್ಟವು. ನಮ್ಮಲ್ಲಿ ಇದು ಎಲ್ಲ ಕಡೆ ರೂಢಿಯಾಗಿಲ್ಲ. ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಮಿದುಳಿಗೂ ಅದೇ ಗತಿ

ಹೃದಯದಂತೆಯೇ ಮಿದುಳಿಗೂ ರಕ್ತದ ಬಡತನ ಸಹಿಸುವುದಿಲ್ಲ. ಆಪರೇಷನ್ ನಂತರ ಬಡಿತದ ಲಯ ತಪ್ಪಿದರೆ ಹೃದಯದೊಳಗೆ ಹೆಪ್ಪು ಕಟ್ಟಿ, ಅದು ಹರಿದುಹೋಗಿ ಮಿದುಳಿನ ನಾಳವನ್ನು ಮುಚ್ಚಬಹುದು. ರಕ್ತದೊತ್ತಡ ಬಹಳ ಹೊತ್ತು ಕುಸಿದರೂ ಅಪಾಯವೇ. ನಮ್ಮ ಜನ ಲಕ್ವ ಹೊಡೆಯಿತು ಎನ್ನುವುದು ಇದಕ್ಕೆ.

ಕಣ್ಣಿಗೆ ಕಾಣುವ ಲಕ್ವ ಆಪರೇಷನ್ ನಂತರ ನೂರರಲ್ಲಿ ಒಬ್ಬರಿಗಿಂತ ಕಡಿಮೆ ಮಂದಿಗೆ ಆಗುತ್ತದೆ. ಕಾಣದ್ದು? 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಹೃದಯದ್ದಲ್ಲದ ಶಸ್ತ್ರಚಿಕಿತ್ಸೆಯಾದ 65 ವರ್ಷ ದಾಟಿದ 1,114 ಜನರ ಮಿದುಳನ್ನು ಎಂ.ಆರ್.ಐ. ಮೂಲಕ ನೋಡಿದರು. ಹದಿನಾಲ್ಕರಲ್ಲಿ ಒಬ್ಬರಿಗೆ ಯಾರಿಗೂ ತಿಳಿಯದಂತೆ ಸಣ್ಣ ಪಾರ್ಶ್ವವಾಯು ಆಗಿತ್ತು. ಒಂದು ವರ್ಷದ ಮೇಲೆ ನೋಡಿದಾಗ, ಹೀಗೆ ಆದವರಲ್ಲಿ ಶೇಕಡಾ 42 ಮಂದಿಯ ನೆನಪು, ಯೋಚನೆ ಕುಂದಿದ್ದವು. ಆಗದವರಲ್ಲಿ ಅದು ಶೇಕಡಾ 29. "ಆಪರೇಷನ್ ಆದಮೇಲೆ ಅಮ್ಮ ಯಾಕೋ ಮೊದಲಿನ ಹಾಗಿಲ್ಲ" ಎಂದು ಮನೆಗಳಲ್ಲಿ ಹೇಳುವ ಮಾತನ್ನು ಇನ್ನು ಮುಂದೆ "ವಯಸ್ಸಾಯಿತಲ್ಲ" ಎಂದು ತಳ್ಳಿಹಾಕದೆ ಡಾಕ್ಟರ ಕಿವಿಗೆ ಹಾಕುವುದು ಮೇಲು.

ಸರಿಯಾಗಿಯೇ ಕಂಡ ಲೆಕ್ಕ

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಮೇಲಿನ ಅಡುಗೆ ಭಟ್ಟರ ಲೆಕ್ಕ ಓದಿದವರಿಗೆ ಒಂದು ಉಪಾಯ ಹೊಳೆದಿರಬಹುದು. ಬಡಿತ ಏರುವುದೇ ತೊಂದರೆಯಾದರೆ, ಬಡಿತ ಇಳಿಸುವ ಮಾತ್ರೆಯನ್ನು ಆಪರೇಷನ್ನಿಗೆ ಮೊದಲೇ ಎಲ್ಲರಿಗೂ ಕೊಟ್ಟರಾಯಿತಲ್ಲ?

ವೈದ್ಯರಿಗೂ ಹಾಗೆಯೇ ಹೊಳೆಯಿತು. ಬೀಟಾ ಬ್ಲಾಕರ್ ಎಂಬ ಗುಂಪಿನ ಮಾತ್ರೆಗಳು ಮಾಡುವುದು ಅದನ್ನೇ. 1990ರ ದಶಕದ ಕೆಲವು ಸಣ್ಣ ಅಧ್ಯಯನಗಳು ಆಸೆ ಹುಟ್ಟಿಸಿದವು. ತರ್ಕ ಚೊಕ್ಕವಾಗಿತ್ತು. ಆದರೂ ಪರೀಕ್ಷಿಸದೆ ಒಪ್ಪಬಾರದೆಂದು 23 ದೇಶಗಳ 190 ಆಸ್ಪತ್ರೆಗಳಲ್ಲಿ 8,351 ರೋಗಿಗಳ ಮೇಲೆ 'ಪಾಯ್ಸ್' ಎಂಬ ಪ್ರಯೋಗ ನಡೆಸಿದರು. ಇದರಲ್ಲೂ ಬೆಂಗಳೂರಿನ ಸೇಂಟ್ ಜಾನ್ಸ್ ಪಾಲುಗೊಂಡಿತ್ತು. ಚೀಟಿ ಎತ್ತಿದಂತೆ ಅರ್ಧ ಜನರಿಗೆ ಮೆಟೊಪ್ರೊಲಾಲ್ ಮಾತ್ರೆ, ಇನ್ನರ್ಧ ಜನರಿಗೆ ಹಾಗೆಯೇ ಕಾಣುವ, ಮದ್ದಿಲ್ಲದ ಮಾತ್ರೆ. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ.

2008ರಲ್ಲಿ ಫಲಿತಾಂಶ ಬಂತು. ಸಾವಿರ ಜನಕ್ಕೆ ಈ ಮಾತ್ರೆ ಕೊಟ್ಟರೆ 15 ಹೃದಯಾಘಾತಗಳು ತಪ್ಪುತ್ತವೆ. ತರ್ಕ ಸರಿ. ಆದರೆ ಅದೇ ಸಾವಿರದಲ್ಲಿ 5 ಮಂದಿಗೆ ಹೆಚ್ಚುವರಿಯಾಗಿ ಲಕ್ವ ಹೊಡೆಯುತ್ತದೆ, 8 ಮಂದಿ ಹೆಚ್ಚಾಗಿ ಸಾಯುತ್ತಾರೆ! ಹೃದಯಕ್ಕೆ ಬಿಡುವು ಕೊಡಲು ಹೋಗಿ ರಕ್ತದೊತ್ತಡ ಕುಸಿದು ಮಿದುಳಿಗೆ ರಕ್ತ ಸಾಲದಾಯಿತು. ಒಂದು ಅಂಗದ ಲೆಕ್ಕ ಸರಿಹೋಯಿತು, ದೇಹದ ಲೆಕ್ಕ ತಪ್ಪಿತು.

2014ರಲ್ಲಿ ಆಸ್ಪಿರಿನ್ ಸರದಿ. 10,010 ರೋಗಿಗಳ ಮೇಲೆ ನಡೆದ ಮುಂದಿನ ಪ್ರಯೋಗದಲ್ಲಿ ಆಪರೇಷನ್ನಿನ ಹೊತ್ತಿಗೆ ಆಸ್ಪಿರಿನ್ ಕೊಟ್ಟಿದ್ದರಿಂದ ಹೃದಯಾಘಾತವೂ ತಗ್ಗಲಿಲ್ಲ, ಸಾವೂ ತಗ್ಗಲಿಲ್ಲ. ರಕ್ತಸ್ರಾವ ಮಾತ್ರ ಹೆಚ್ಚಿತು.

ಇದರಿಂದ ಮನೆಯವರು ಕಲಿಯಬೇಕಾದ ಪಾಠ ಒಂದಿದೆ. "ಪಕ್ಕದ ಮನೆಯವರು ಹೇಳಿದರು", "ಮೊಬೈಲಿನಲ್ಲಿ ಬಂದಿತ್ತು" ಎಂದು ಆಪರೇಷನ್ನಿಗೆ ಮೊದಲು ತಾವೇ ಯಾವ ಮಾತ್ರೆಯನ್ನೂ ಶುರು ಮಾಡಬಾರದು. ಹಾಗೆಯೇ ತಾವೇ ಯಾವುದನ್ನೂ ನಿಲ್ಲಿಸಬಾರದು. ವರ್ಷಗಳಿಂದ ಬೀಟಾ ಬ್ಲಾಕರ್ ತೆಗೆದುಕೊಳ್ಳುತ್ತಿರುವವರು ಅದನ್ನು ಥಟ್ಟನೆ ಬಿಡುವುದು ಅಪಾಯ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ಮಾತ್ರೆ ಬಿಡುವುದು ಇನ್ನೂ ದೊಡ್ಡ ಅಪಾಯ. ಕೆಲವು ಬಿ.ಪಿ. ಮಾತ್ರೆ, ಸಕ್ಕರೆ ಮಾತ್ರೆಗಳನ್ನು ಮಾತ್ರ ಡಾಕ್ಟರೇ ಒಂದೆರಡು ದಿನ ನಿಲ್ಲಿಸಲು ಹೇಳಬಹುದು. ಯಾವುದು, ಎಂದಿನಿಂದ ಎಂದಿನವರೆಗೆ ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ.

ಯಾರಿಗೆ ಹೆಚ್ಚು ಎಚ್ಚರ?

1977ರಲ್ಲಿ ಅಮೆರಿಕದ ಲೀ ಗೋಲ್ಡ್‌ಮನ್ ಮತ್ತು ಸಂಗಡಿಗರು 1,001 ರೋಗಿಗಳನ್ನು ಗಮನಿಸಿ, ಅಪಾಯವನ್ನು ಅಂಕಗಳಲ್ಲಿ ಅಳೆಯುವ ಕ್ರಮವೊಂದನ್ನು ಹಾಕಿಕೊಟ್ಟರು. 1999ರಲ್ಲಿ ಅದನ್ನು ಸರಳಗೊಳಿಸಿ ಆರು ಪ್ರಶ್ನೆಗಳಿಗೆ ಇಳಿಸಿದರು. ದೊಡ್ಡ ಅಪಾಯದ ಆಪರೇಷನ್ನೇ? ಕರೋನರಿ ಧಮನಿಯ ಕಾಯಿಲೆ ಇದೆಯೇ? ಹೃದಯ ದುರ್ಬಲವಾಗಿ ಕಾಲು ಊದಿ, ಉಸಿರು ಕಟ್ಟಿದ್ದುಂಟೇ? ಲಕ್ವ ಹೊಡೆದಿತ್ತೇ? ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತಾರೆಯೇ? ಮೂತ್ರಪಿಂಡದ ಕೆಲಸ ತಗ್ಗಿ ರಕ್ತದ ಕ್ರಿಯಾಟಿನಿನ್ 2 ದಾಟಿದೆಯೇ? ಒಂದೊಂದು ಹೌದಿಗೂ ಒಂದು ಅಂಕ. ಇಲ್ಲಿ ಮಾತ್ರ ಅಂಕ ಹೆಚ್ಚು ಬಂದಷ್ಟೂ ಕಷ್ಟ!

ಇದರ ಜೊತೆಗೆ ಮನೆಯಲ್ಲೇ ತಿಳಿಯಬಹುದಾದ ಒಂದು ಸಂಗತಿ ಇದೆ. ಏದುಸಿರು ಬಿಡದೆ ಎರಡು ಮಹಡಿ ಮೆಟ್ಟಿಲು ಹತ್ತಬಲ್ಲರೇ? ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿನ ಮಾತು ಬೇಡ, ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಬಿರುಸಾಗಿ ನಡೆಯಬಲ್ಲರೇ? ನಡೆಯಬಲ್ಲವರ ಹೃದಯದಲ್ಲಿ ಆಪರೇಷನ್ ತಡೆಯುವಷ್ಟು ಬಂಡವಾಳ ಇದೆ ಎಂದು ಸಾಮಾನ್ಯವಾಗಿ ನಂಬಬಹುದು. ಡಾಕ್ಟರು ಕೇಳಿದಾಗ "ಚೆನ್ನಾಗಿ ಓಡಾಡಿಕೊಂಡಿದ್ದಾರೆ" ಎಂಬ ಹಾರಿಕೆಯ ಉತ್ತರ ಬೇಡ. "ಮೊದಲನೆಯ ಮಹಡಿಗೆ ಹೋಗುವಾಗ ನಡುವೆ ಒಂದು ಸಲ ನಿಲ್ಲುತ್ತಾರೆ" ಎಂಬ ನಿಜ ಹತ್ತು ಪಟ್ಟು ಉಪಯುಕ್ತ.

2025ರ ಜುಲೈನಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹರಡಿದಾಗ ನಮ್ಮೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿ ನಿಂತರು. ಭಯ ಸಹಜ. ಆದರೆ ಮನೆಯಲ್ಲೊಬ್ಬರಿಗೆ ಮುಂದಿನ ವಾರ ಆಪರೇಷನ್ ಇದೆ ಎಂದಾಗ ಅದೇ ಕಾಳಜಿಯ ಒಂದು ಪಾಲನ್ನಾದರೂ ತೋರಿಸುತ್ತೇವೆಯೇ? "ಫಿಟ್‌ನೆಸ್‌ಗೆ ಒಂದು ಸೈನ್ ಬೇಕಂತೆ" ಎಂದು ಕಾಗದ ಹಿಡಿದು ಓಡುತ್ತೇವೆ. ಅದು ಸಹಿಯ ಶಾಸ್ತ್ರವಲ್ಲ. ಹಳೆಯ ಇ.ಸಿ.ಜಿ., ಹಳೆಯ ಚೀಟಿಗಳು, ಮಾತ್ರೆಗಳ ಪಟ್ಟಿ ಎಲ್ಲವನ್ನೂ ಒಯ್ದು, ಬೀಡಿ ಸಿಗರೇಟು, ಕಡ್ಡಿಪುಡಿ, ಕುಡಿತ, ನಾಟಿ ಔಷಧಿ ಒಂದನ್ನೂ ಮುಚ್ಚಿಡದೆ ಹೇಳಬೇಕಾದ ಹೊತ್ತು. ಈಚೆಗೆ ಹೃದಯಾಘಾತವೋ ಲಕ್ವವೋ ಆಗಿದ್ದರೆ, ತಡೆದುಕೊಳ್ಳಬಹುದಾದ ಆಪರೇಷನ್ನನ್ನು ಕೆಲವು ತಿಂಗಳು ಮುಂದಕ್ಕೆ ಹಾಕುವುದು ವೈದ್ಯರ ಪದ್ಧತಿ.

ಹಾಗೆಂದು ಹೆದರಿ ಬೇಕಾದ ಆಪರೇಷನ್ನನ್ನೇ ಬಿಡುವುದು ಇದಕ್ಕಿಂತ ದೊಡ್ಡ ಅಪಾಯ. ಮುರಿದ ಸೊಂಟದಲ್ಲಿ ಅಜ್ಜಿಯನ್ನು ಮಲಗಿಸಿ "ಅಮಾವಾಸ್ಯೆ ಕಳೆಯಲಿ" ಎಂದು ಕಾಯುವವರಿದ್ದಾರೆ. ಆ ನೋವು, ಆ ರಕ್ತಸ್ರಾವ, ಆ ಮಲಗಿದ ಸ್ಥಿತಿ ದಿನದಿನವೂ ಹೃದಯವನ್ನು ದುಡಿಸುತ್ತಲೇ ಇರುತ್ತವೆ. 2020ರಲ್ಲಿ 17 ದೇಶಗಳ 2,970 ರೋಗಿಗಳ ಪ್ರಯೋಗವೊಂದು, ಸೊಂಟ ಮುರಿದವರಿಗೆ ಸುಮಾರು 6 ಗಂಟೆಯೊಳಗೆ ಆಪರೇಷನ್ ಮಾಡುವುದನ್ನೂ 24 ಗಂಟೆಗೆ ಮಾಡುವುದನ್ನೂ ಹೋಲಿಸಿತು. ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಬೇಗ ಮಾಡಿಸಿಕೊಂಡವರಿಗೆ ಬುದ್ಧಿಭ್ರಮೆ, ಮೂತ್ರದ ಸೋಂಕು ಕಡಿಮೆಯಾಯಿತು, ಅವರು ಬೇಗ ಎದ್ದು ನಿಂತರು. ಹೋಲಿಕೆ 6 ಗಂಟೆಗೂ 24 ಗಂಟೆಗೂ ಎಂಬುದನ್ನು ಗಮನಿಸಿ. ವಾರಗಟ್ಟಲೆ ಕಾಯುವ ಮಾತೇ ಅಲ್ಲಿರಲಿಲ್ಲ.

ರಾತ್ರಿ ಕಾವಲಿನವರಿಗೆ

ಆಸ್ಪತ್ರೆಯಲ್ಲಿ ಹಗಲು ಬಂಧುಗಳು ಕಿತ್ತಳೆ ಹಣ್ಣು, ಬ್ರೆಡ್ಡು ಹಿಡಿದು ಬಂದು ಹೋಗುತ್ತಾರೆ. ರಾತ್ರಿ ತಾತನ ಮಂಚದ ಪಕ್ಕ ಚಾಪೆ ಹಾಸಿ ಮಲಗುವುದು ಹೆಚ್ಚಾಗಿ ಕಾಲೇಜಿಗೆ ಹೋಗುವ ಮೊಮ್ಮಗ, ಮೊಮ್ಮಗಳು. ಮಕ್ಕಳೇ, ಈ ಭಾಗ ನಿಮಗೆ. ಮೊದಲ ಮೂರು ರಾತ್ರಿ ನೀವೇ ಆಸ್ಪತ್ರೆಯ ಎರಡನೆಯ ಜೊತೆ ಕಣ್ಣು.

ಎದೆನೋವಿಗಾಗಿ ಕಾಯಬೇಡಿ. ಕಾರಣವಿಲ್ಲದೆ ಬೆವರುವುದು, ಉಸಿರು ಸಾಲದೆ ಎದ್ದು ಕೂರುವುದು, ಗಂಟಲು, ದವಡೆ, ತೋಳಿನಲ್ಲಿ ಹಿಡಿದಂತಾಗುವುದು, ಎದೆ ಡವಡವ ಎನ್ನುವುದು, ಹೊಟ್ಟೆ ತೊಳಸುವುದು, ಮುಖ ಬಿಳಿಚಿ ಮಂಕಾಗುವುದು ಕಂಡರೆ ಕೂಡಲೇ ನರ್ಸಮ್ಮನವರನ್ನು ಕರೆಯಿರಿ. "ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿಸಬೇಡಿ. ಬಾಯಿ ಒಂದು ಕಡೆ ಸೊಟ್ಟಗಾದರೆ, ಎರಡೂ ಕೈ ಎತ್ತಿಸಿದಾಗ ಒಂದು ಜಾರಿದರೆ, ಮಾತು ತೊದಲಿದರೆ ಅದು ಲಕ್ವದ ಗುರುತು. ಗಡಿಯಾರ ನೋಡಿ ಹೊತ್ತು ಬರೆದಿಟ್ಟುಕೊಳ್ಳಿ. ಕೊನೆಯ ಬಾರಿ ಸರಿಯಾಗಿ ಮಾತನಾಡಿದ್ದು ಎಷ್ಟು ಗಂಟೆಗೆ ಎಂಬುದೇ ವೈದ್ಯರ ಮೊದಲ ಪ್ರಶ್ನೆ. ತೊಂದರೆ ಕೊಡುತ್ತೇನೇನೋ ಎಂಬ ಸಂಕೋಚ ಬೇಡ. ಹತ್ತು ಸಲ ಸುಮ್ಮನೆ ಕರೆದರೂ ನಷ್ಟವಿಲ್ಲ, ಹನ್ನೊಂದನೆಯ ಸಲ ಕರೆಯದಿದ್ದರೆ ನಷ್ಟ.

ಮನೆಗೆ ಬಂದ ಮೇಲೂ ಕಾವಲು ಮುಗಿಯುವುದಿಲ್ಲ. ಆ 210 ಮಂದಿಯನ್ನು ಮರೆಯಬೇಡಿ. ಒಂದು ತಿಂಗಳ ಮಟ್ಟಿಗೆ ಮಾತ್ರೆ ತಪ್ಪಿಸಬಾರದು, ಮರುಭೇಟಿ ತಪ್ಪಿಸಬಾರದು, ಡಾಕ್ಟರು ಹೇಳಿದಷ್ಟು ನಡೆಸಬೇಕು. ತುರ್ತು ಬಂದರೆ 108ಕ್ಕೆ ಕರೆ ಮಾಡಿ. ಇಲ್ಲಿ ಇನ್ನೊಂದು ಮಾತು ಬಹಳ ಮುಖ್ಯ. ನಮ್ಮ ರಾಜ್ಯದಲ್ಲಿ 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ಹೃದಯಾಘಾತವಾದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ಏರ್ಪಾಡಾಯಿತು. ಎಷ್ಟೋ ಜನಕ್ಕೆ ಇದು ಸಂಜೀವಿನಿ. ಆದರೆ ಈಚೆಗೆ ದೊಡ್ಡ ಆಪರೇಷನ್ ಆದವರಿಗೆ ಇದೇ ಚುಚ್ಚುಮದ್ದಿನಿಂದ ಗಾಯದೊಳಗೆ ವಿಪರೀತ ರಕ್ತಸ್ರಾವವಾಗಬಹುದು. ಆದ್ದರಿಂದ ಯಾವ ಆಸ್ಪತ್ರೆಗೆ ಹೋದರೂ ನೀವು ಹೇಳಬೇಕಾದ ಮೊದಲ ವಾಕ್ಯ, "ಇಂಥ ದಿನ ಇವರಿಗೆ ಆಪರೇಷನ್ ಆಗಿದೆ." ಡಿಸ್ಚಾರ್ಜ್ ಚೀಟಿ ಕೈಯಲ್ಲಿರಲಿ.

ನಾನು ವಿಜ್ಞಾನದ ಮೇಷ್ಟ್ರು, ವೈದ್ಯನಲ್ಲ. ಯಾವ ಮದ್ದು, ಯಾವ ಪರೀಕ್ಷೆ ಎಂಬ ತೀರ್ಮಾನ ನಿಮ್ಮ ಡಾಕ್ಟರದ್ದು. ಸರಿಯಾದ ಪ್ರಶ್ನೆ ಕೇಳಲು, ಸರಿಯಾದ ಸಂಗತಿ ಹೇಳಲು ಬೇಕಾದಷ್ಟು ತಿಳಿವಳಿಕೆ ಮಾತ್ರ ಇಲ್ಲಿದೆ.

ಮಾಡಿ ನೋಡಿ: ಈ ಭಾನುವಾರ ಮನೆಯ ಎಲ್ಲರ ನಾಡಿ ಎಣಿಸಿ. ಕುಳಿತಾಗ ಒಂದು ನಿಮಿಷ, ನೀವು ನಿಮ್ಮ ಮನೆಯ ಮೆಟ್ಟಿಲು ಹತ್ತಿ ಇಳಿದ ಮೇಲೆ ಇನ್ನೊಂದು ನಿಮಿಷ. ಹಿರಿಯರನ್ನು ಮೆಟ್ಟಿಲು ಹತ್ತಿಸಬೇಡಿ, ಅವರು ದಿನವೂ ಎಷ್ಟು ಹತ್ತುತ್ತಾರೆ, ಎಲ್ಲಿ ನಿಲ್ಲುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ಅದೇ ಹಾಳೆಯ ಹಿಂಬದಿಯಲ್ಲಿ ತಾತ, ಅಜ್ಜಿ ತೆಗೆದುಕೊಳ್ಳುವ ಮಾತ್ರೆಗಳ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಹಿಂದೆ ಯಾವ ಕಾಯಿಲೆ ಬಂದಿತ್ತು, ಯಾವ ಆಪರೇಷನ್ ಆಗಿತ್ತು ಎಂದು ದುಂಡಗೆ ಬರೆದು, ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ. ಬಳಸುವ ಪ್ರಸಂಗ ಬರದಿರಲಿ. ಬಂದರೆ ಹುಡುಕುವಂತಾಗದಿರಲಿ.